ಜೀವದಾನಿ ಬ್ಯಾಂಟಿಂಗ್

ಮಧುಮೇಹವು ಮಾನವಕುಲಕ್ಕೆ ಹೊಸ ರೋಗವಲ್ಲ. ಪ್ರಾಚೀನ ಭಾರತದ ವೈದ್ಯರಾದ ಚರಕ, ಸುಶ್ರುತರ ಸಂಹಿತೆಗಳಲ್ಲಿ ಇದರ ಲಕ್ಷಣಗಳು ವರ್ಣಿತವಾಗಿವೆ. ರೋಗಿಯ ಮೂತ್ರವು ಜೇನಿನಂತೆ ಸಿಹಿಯಾಗಿರುವುದನ್ನೂ ಅದಕ್ಕೆ ಇರುವೆಗಳು ಮುತ್ತುವುದನ್ನೂ ನಮ್ಮವರು ಬಹು ಹಿಂದೆಯೇ ಗಮನಿಸಿದ್ದರು. ಆದರೆ ರೋಗವನ್ನು ಗುರುತಿಸುವುದು ಬೇರೆ, ಅದನ್ನು ಹತೋಟಿಗೆ ತರುವುದು ಬೇರೆ. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳು ಕಳೆಯುವವರೆಗೂ, ಎಳೆಯ ವಯಸ್ಸಿನಲ್ಲಿ ಮಧುಮೇಹಕ್ಕೆ ತುತ್ತಾದವರಿಗೆ ಮರಣವೇ ಗತಿಯಾಗಿತ್ತು. ಆಹಾರವನ್ನು ತೀರ ಕಡಿಮೆ ಮಾಡಿ, ಮಕ್ಕಳನ್ನು ಅರೆ ಉಪವಾಸದಲ್ಲಿಟ್ಟು, ಸಾವನ್ನು ಕೆಲವು ತಿಂಗಳು ಮುಂದೂಡುವುದೊಂದೇ ವೈದ್ಯರಿಗೆ ತಿಳಿದಿದ್ದ ಉಪಾಯ. ಕರುಳಿನ ಕುಡಿಯು ಹಸಿವಿನಿಂದ ಒಣಗುವುದನ್ನು ಹೆತ್ತವರು ಕಣ್ಣಾರೆ ನೋಡುತ್ತ ಕುಳಿತಿರಬೇಕಾಗಿತ್ತು.

ಈ ದುಃಸ್ಥಿತಿಯನ್ನು ನೀಗಿದ ಮಹನೀಯರಲ್ಲಿ ಅಗ್ರಗಣ್ಯನು ಕೆನಡಾ ದೇಶದ ಫ್ರೆಡರಿಕ್ ಗ್ರಾಂಟ್ ಬ್ಯಾಂಟಿಂಗ್. ಇನ್ಸುಲಿನ್ ಎಂಬ ಔಷಧವನ್ನು ಲೋಕಕ್ಕೆ ಕೊಟ್ಟವನೆಂದು ಆತನ ಹೆಸರು ಮನೆಮಾತಾಗಿದೆ. ಆ ಔಷಧದ ಒಡೆತನವು ಕೈಗೆ ಬಂದಾಗ ಆತನೂ ಆತನ ಜೊತೆಗಾರರೂ ಏನು ಮಾಡಿದರೆಂಬುದು ಅಷ್ಟೇ ಮಹತ್ತ್ವದ ಸಂಗತಿ. ಅದು ಇಂದಿಗೂ ಮನನಯೋಗ್ಯವಾದುದು.

ಬ್ಯಾಂಟಿಂಗನು ಜನಿಸಿದ್ದು 1891ನೆಯ ಇಸವಿ ನವೆಂಬರ್ 14ರಂದು, ಟೊರಾಂಟೊ ನಗರದ ಉತ್ತರಕ್ಕಿರುವ ಆಲಿಸ್ಟನ್ ಎಂಬ ಊರಿನ ಬಳಿಯ ಒಂದು ಒಕ್ಕಲು ಮನೆಯಲ್ಲಿ. ತಂದೆ ವಿಲಿಯಂ, ತಾಯಿ ಮಾರ್ಗರೆಟ್. ಐವರು ಮಕ್ಕಳಲ್ಲಿ ಇವನೇ ಕಡೆಯವನು. ಹೊಲದ ದುಡಿಮೆ, ದನಕರುಗಳ ಪಾಲನೆ, ಚಳಿಗಾಲದ ಹಿಮ ಇವುಗಳ ನಡುವೆ ಬಾಲಕನು ಬೆಳೆದನು. ಓದಿನಲ್ಲಿ ಆತನು ಎಲ್ಲರ ಮೆಚ್ಚುಗೆ ಪಡೆದ ಜಾಣನೇನೂ ಅಲ್ಲ. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಕಲಾವಿಭಾಗಕ್ಕೆ ಸೇರಿ, ಮೊದಲನೆಯ ವರ್ಷದಲ್ಲಿಯೇ ಅನುತ್ತೀರ್ಣನಾದನು. ಆದರೆ ಹಿಡಿದುದನ್ನು ಬಿಡದ ಛಲವು ರೈತನ ಮಗನಿಗೆ ರಕ್ತಗತವಾಗಿತ್ತು. 1912ರಲ್ಲಿ ಆತನು ವೈದ್ಯಶಾಸ್ತ್ರದ ತರಗತಿಗೆ ಸೇರಿದನು. ಆತನ ವ್ಯಾಸಂಗದ ನಡುವೆಯೇ ಮೊದಲನೆಯ ಮಹಾಯುದ್ಧವು ಪ್ರಾರಂಭವಾಯಿತು. ಪದವಿ ಪಡೆದ ಕೂಡಲೆ ಬ್ಯಾಂಟಿಂಗನು ಸೈನ್ಯದ ವೈದ್ಯವಿಭಾಗವನ್ನು ಸೇರಿ ಯುರೋಪಿನ ರಣಾಂಗಣಕ್ಕೆ ತೆರಳಿದನು. 1918ರಲ್ಲಿ ಫ್ರಾನ್ಸಿನ ಕಾಂಬ್ರೆ ಎಂಬಲ್ಲಿ ಸಿಡಿಗುಂಡಿನ ಚೂರು ಆತನ ಬಲಗೈಗೆ ನಾಟಿತು. ಗಾಯದಿಂದ ನೆತ್ತರು ಸುರಿಯುತ್ತಿದ್ದರೂ ಆತನು ಇತರ ಗಾಯಾಳುಗಳ ಶುಶ್ರೂಷೆಯನ್ನು ನಿಲ್ಲಿಸಲಿಲ್ಲ. ಈ ಧೈರ್ಯಕ್ಕಾಗಿ ಆತನಿಗೆ ಮಿಲಿಟರಿ ಕ್ರಾಸ್ ಎಂಬ ಪದಕವು ದೊರೆಯಿತು.

ಯುದ್ಧ ಮುಗಿದ ಮೇಲೆ, 1920ರ ಜುಲೈ ತಿಂಗಳಲ್ಲಿ ಬ್ಯಾಂಟಿಂಗನು ಕೆನಡಾದ ಲಂಡನ್ ಎಂಬ ಪಟ್ಟಣದಲ್ಲಿ ಶಸ್ತ್ರವೈದ್ಯನಾಗಿ ವೃತ್ತಿಯನ್ನು ಆರಂಭಿಸಿದನು. ಬಾಗಿಲಿಗೆ ಹೆಸರಿನ ಹಲಗೆ ತೂಗುಹಾಕಿ ಕುಳಿತರೂ ರೋಗಿಗಳು ಆ ಕಡೆ ಸುಳಿಯಲಿಲ್ಲ. ಮೊದಲನೆಯ ತಿಂಗಳಿನ ಸಂಪಾದನೆ ಕೇವಲ 4 ಡಾಲರು. ಹೊಟ್ಟೆಪಾಡಿಗಾಗಿ ಆತನು ಸಮೀಪದ ವೈದ್ಯಕೀಯ ಶಾಲೆಯಲ್ಲಿ ಗಂಟೆಗೆ 2 ಡಾಲರಿನಂತೆ ಪಾಠ ಹೇಳುವ ಕೆಲಸವನ್ನು ಒಪ್ಪಿಕೊಂಡನು. ಬಡತನವು ಒದಗಿಸಿದ ಈ ಚಿಕ್ಕ ಕೆಲಸವೇ ಆತನನ್ನು ಮಹತ್ಕಾರ್ಯದ ಕಡೆಗೆ ಕರೆದೊಯ್ದಿತು.

ನಮ್ಮ ಜಠರದ ಹಿಂಭಾಗದಲ್ಲಿ ಮೇದೋಜೀರಕಾಂಗವೆಂಬ ಗ್ರಂಥಿಯಿದೆ. ಅದು ಅನ್ನವನ್ನು ಪಚನಮಾಡುವ ರಸವನ್ನು ನಾಳದ ಮೂಲಕ ಕರುಳಿಗೆ ಸುರಿಸುತ್ತದೆ. ಆ ಗ್ರಂಥಿಯೊಳಗೆ ಅಲ್ಲಲ್ಲಿ ದ್ವೀಪಗಳಂತೆ ಬೇರೆ ಬಗೆಯ ಜೀವಕೋಶಗಳ ಗುಂಪುಗಳಿರುವುದನ್ನು ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿಯು 1869ರಲ್ಲಿ ಕಂಡಿದ್ದನು. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಮೇರಿಂಗ್ ಎಂಬ ವೈದ್ಯರು ನಾಯಿಯ ದೇಹದಿಂದ ಈ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹವು ತಗುಲಿತು. ರಕ್ತದಲ್ಲಿರುವ ಸಕ್ಕರೆಯನ್ನು ಅಂಕೆಯಲ್ಲಿಡುವ ಯಾವುದೋ ವಸ್ತು ಈ ಗ್ರಂಥಿಯಲ್ಲಿ ಉತ್ಪನ್ನವಾಗುತ್ತಿರಬೇಕೆಂದು ಆಗಲೇ ವಿದ್ವಾಂಸರಿಗೆ ಹೊಳೆದಿತ್ತು. ಆದರೆ ಅದನ್ನು ಬೇರ್ಪಡಿಸಿ ಮನುಷ್ಯರಿಗೆ ಕೊಡಲು ಹಲವರು ಮಾಡಿದ ಪ್ರಯತ್ನಗಳು ಕೈಗೂಡಿರಲಿಲ್ಲ. 1920ರ ಅಕ್ಟೋಬರ್ 30ರ ರಾತ್ರಿ, ಮರುವಾರದ ಪಾಠಕ್ಕೆ ಸಿದ್ಧತೆ ನಡೆಸುತ್ತಿದ್ದ ಬ್ಯಾಂಟಿಂಗನು ಈ ಗ್ರಂಥಿಯನ್ನು ಕುರಿತ ಒಂದು ಲೇಖನವನ್ನು ಓದಿದನು. ನಾಳವನ್ನು ಬಿಗಿದು ಕಟ್ಟಿದರೆ ಪಚನರಸವನ್ನು ತಯಾರಿಸುವ ಭಾಗವು ನಶಿಸಿ, ದ್ವೀಪಗಳು ಮಾತ್ರ ಉಳಿದಾವು. ಆಗ ಅವುಗಳ ಸತ್ತ್ವವನ್ನು ಕೆಡದಂತೆ ಪಡೆಯಬಹುದು ಎಂಬ ಯೋಚನೆ ಆತನಿಗೆ ನಿದ್ದೆ ಬರಗೊಡಲಿಲ್ಲ. ಅಪರಾತ್ರಿಯಲ್ಲಿ ಎದ್ದು ಅದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡನು.

ಟೊರಾಂಟೊ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದ ಮಕ್ಲೌಡ್ ಎಂಬಾತನು ಈ ವಿಷಯದಲ್ಲಿ ಪಾರಂಗತನೆನಿಸಿದ್ದನು. ಅನುಭವವಿಲ್ಲದ ಯುವಕನ ಮಾತಿನಲ್ಲಿ ಆತನಿಗೆ ಮೊದಲು ನಂಬಿಕೆ ಹುಟ್ಟಲಿಲ್ಲ. ಆದರೂ ಪ್ರಯೋಗಶಾಲೆಯ ಒಂದು ಕೊಠಡಿಯನ್ನೂ ಕೆಲವು ನಾಯಿಗಳನ್ನೂ ಚಾರ್ಲ್ಸ್ ಬೆಸ್ಟ್ ಎಂಬ ತರುಣ ಸಹಾಯಕನನ್ನೂ ಒದಗಿಸಿಕೊಟ್ಟನು. 1921ರ ಮೇ ತಿಂಗಳಲ್ಲಿ ಕೆಲಸವು ಆರಂಭವಾಯಿತು. ಬೇಸಗೆಯ ಸೆಕೆ ಅಸಹನೀಯವಾಗಿತ್ತು, ನಾಯಿಗಳು ಒಂದರ ಮೇಲೊಂದು ಸತ್ತವು, ಬ್ಯಾಂಟಿಂಗನಿಗೆ ವೇತನವಿರಲಿಲ್ಲ. ಜುಲೈ ಕೊನೆಯಲ್ಲಿ ಗ್ರಂಥಿಯ ಸತ್ತ್ವವನ್ನು ಚುಚ್ಚಿದ ನಾಯಿಯೊಂದರ ರಕ್ತದಲ್ಲಿ ಸಕ್ಕರೆಯ ಪ್ರಮಾಣ ಇಳಿಯಿತು. ಮುಂದೆ ಕಸಾಯಿಖಾನೆಯಿಂದ ತಂದ ದನಗಳ ಗ್ರಂಥಿಯಿಂದಲೇ ಸತ್ತ್ವವನ್ನು ತೆಗೆಯಬಹುದೆಂದು ತಿಳಿದುಬಂದಾಗ, ನಾಳವನ್ನು ಕಟ್ಟುವ ಕಷ್ಟದ ಶಸ್ತ್ರಕ್ರಿಯೆಯೇ ಬೇಕಿಲ್ಲವಾಯಿತು. ವರ್ಷಾಂತ್ಯದಲ್ಲಿ ಜೇಮ್ಸ್ ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞನು ಇವರೊಡನೆ ಸೇರಿ ಸತ್ತ್ವವನ್ನು ಶುದ್ಧೀಕರಿಸುವ ಹೊಣೆ ಹೊತ್ತನು. ರುಮೇನಿಯಾ ದೇಶದ ಪಾಲೆಸ್ಕು ಎಂಬ ವಿದ್ವಾಂಸನೂ ಇಂಥದೇ ಪ್ರಯೋಗಗಳನ್ನು ನಡೆಸಿ 1921ರಲ್ಲಿ ಪ್ರಕಟಿಸಿದ್ದನೆಂಬುದನ್ನು ಇಲ್ಲಿ ಸ್ಮರಿಸಬೇಕು. ದೊಡ್ಡ ಶೋಧವು ಎಂದೂ ಒಬ್ಬನೇ ವ್ಯಕ್ತಿಯ ಸೊತ್ತಲ್ಲ. ಹಲವರು ಅಗೆದ ಬಾವಿಯಲ್ಲಿ ಕೊನೆಗೆ ಒಬ್ಬನ ಗುದ್ದಲಿಗೆ ನೀರು ಸಿಕ್ಕುತ್ತದೆ.

1922ರ ಜನವರಿ 11ರಂದು ಟೊರಾಂಟೊ ಆಸ್ಪತ್ರೆಯ ಧರ್ಮಾರ್ಥ ವಾರ್ಡಿನಲ್ಲಿದ್ದ ಲೆನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಡ ಹುಡುಗನಿಗೆ ಮೊದಲ ಸಲ ಈ ಸತ್ತ್ವವನ್ನು ಚುಚ್ಚಲಾಯಿತು. ಆತನ ತೂಕ ಆಗ ಸುಮಾರು 29 ಕಿಲೋಗ್ರಾಂ ಮಾತ್ರ. ಔಷಧವು ಶುದ್ಧವಾಗಿರದ ಕಾರಣ ಚುಚ್ಚಿದ ಜಾಗವು ಬಾತುಕೊಂಡಿತೇ ಹೊರತು ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಕಾಲಿಪ್‌ನು ಹಗಲಿರುಳು ದುಡಿದು ಶುದ್ಧಗೊಳಿಸಿದ ಸತ್ತ್ವವನ್ನು ಜನವರಿ 23ರಂದು ಮತ್ತೆ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು, ಹುಡುಗನ ಮುಖದಲ್ಲಿ ಕಳೆ ಮೂಡಿತು. ಆತನು ಮತ್ತೆ 13 ವರ್ಷ ಬದುಕಿದನು.

ಆ ವರ್ಷದ ಮೇ ತಿಂಗಳಲ್ಲಿ ಇನ್ಸುಲಿನ್ನಿನ ಸುದ್ದಿಯನ್ನು ವೈದ್ಯರ ಸಭೆಯಲ್ಲಿ ಪ್ರಕಟಿಸಲಾಯಿತು. ಸುದ್ದಿ ಹರಡಿದಂತೆ ನಾಲ್ಕು ಕಡೆಗಳಿಂದಲೂ ತಾಯಿತಂದೆಗಳು ಸಾಯುತ್ತಿರುವ ಮಕ್ಕಳನ್ನು ಕರೆದುಕೊಂಡು ಟೊರಾಂಟೊ ನಗರಕ್ಕೆ ಧಾವಿಸಿದರು. ಔಷಧವಾದರೋ ಬೊಗಸೆಯಷ್ಟೂ ಇರಲಿಲ್ಲ. ಯಾರಿಗೆ ಕೊಡುವುದು, ಯಾರನ್ನು ಬರಿಗೈಯಲ್ಲಿ ಕಳುಹಿಸುವುದು ಎಂಬ ಧರ್ಮಸಂಕಟವು ಬ್ಯಾಂಟಿಂಗನನ್ನು ಕಾಡಿತು. ಅಮೆರಿಕದ ವಿದೇಶಾಂಗ ಮಂತ್ರಿಯಾಗಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸ್‌ನ ಮಗಳು ಎಲಿಜಬೆತ್‌ಳಿಗೆ ಆಗಸ್ಟ್ ತಿಂಗಳಲ್ಲಿ ಚಿಕಿತ್ಸೆ ದೊರೆಯಿತು. 15ರ ಹೊಸ್ತಿಲಿನಲ್ಲಿದ್ದ ಆಕೆಯ ತೂಕ ಸುಮಾರು 20 ಕಿಲೋಗ್ರಾಮಿಗೆ ಇಳಿದಿತ್ತು. ಇನ್ಸುಲಿನ್ನಿನ ಬಲದಿಂದ ಆಕೆ 1981ರವರೆಗೆ ಬಾಳಿದಳು. ಧರ್ಮಾರ್ಥ ವಾರ್ಡಿನ ಹುಡುಗನಿಗೂ ಮಂತ್ರಿಯ ಮಗಳಿಗೂ ಬೇಕಾಗಿದ್ದುದು ಒಂದೇ ಔಷಧ. ಆದರೆ ವಸ್ತು ವಿರಳವಾದಾಗ ಅದು ಹಣವಿದ್ದವರ ಕಡೆಗೆ, ಪ್ರಭಾವವಿದ್ದವರ ಕಡೆಗೆ ಹರಿಯುವುದು ಲೋಕದ ರೂಢಿ. ಈ ವಿರಳತೆಯು ಶಾಶ್ವತವಾದರೆ ಗತಿಯೇನು ಎಂಬ ಪ್ರಶ್ನೆಯು ಸಂಶೋಧಕರ ಮುಂದೆ ನಿಂತಿತು. ಇಲ್ಲಿಯೇ ಪೇಟೆಂಟಿನ ಮಾತು ಬರುತ್ತದೆ.

ಪೇಟೆಂಟ್ ಎಂಬುದು ಸಮಾಜವು ಶೋಧಕನೊಡನೆ ಮಾಡಿಕೊಳ್ಳುವ ಒಂದು ಕರಾರು. ಶೋಧಕನು ತನ್ನ ರಹಸ್ಯವನ್ನು ಬಿಚ್ಚಿಡಬೇಕು. ಅದಕ್ಕೆ ಪ್ರತಿಯಾಗಿ ಗೊತ್ತಾದ ಅವಧಿಯವರೆಗೆ ಆತನ ಅನುಮತಿಯಿಲ್ಲದೆ ಬೇರೆ ಯಾರೂ ಅದನ್ನು ತಯಾರಿಸಕೂಡದು, ಮಾರಕೂಡದು. ಅವಧಿ ಕಳೆದ ಮೇಲೆ ಅದು ಎಲ್ಲರದಾಗುತ್ತದೆ. ಗ್ರಂಥಕರ್ತನಿಗೆ ತನ್ನ ಕೃತಿಯ ಮೇಲಿರುವ ಹಕ್ಕೂ ಇದೇ ಜಾತಿಯದು. ಶ್ರಮಕ್ಕೆ ಪ್ರತಿಫಲ ದೊರೆಯಬೇಕೆಂಬ ನ್ಯಾಯವು ಇದರಲ್ಲಿದೆ. ಆದರೆ ಪೈಪೋಟಿಯಿಲ್ಲದ ಕಡೆ ಬೆಲೆಯನ್ನು ಕಟ್ಟುವವನು ಒಡೆಯನೊಬ್ಬನೇ. ಬಣ್ಣದ ಬಟ್ಟೆ ದುಬಾರಿಯಾದರೆ ಕೊಳ್ಳದೆ ಇರಬಹುದು. ಪ್ರಾಣ ಉಳಿಸುವ ಔಷಧವನ್ನು ಬೇಡವೆನ್ನುವ ಸ್ವಾತಂತ್ರ್ಯ ರೋಗಿಗಿಲ್ಲ. ಆಗ ಸಾವಿರಾರು ಸಂಸಾರಗಳ ಉಳಿತಾಯವು ಕೆಲವೇ ಒಡೆಯರ ಬೊಕ್ಕಸಕ್ಕೆ ಹೋಗಿ ಸೇರುತ್ತದೆ. ಇದ್ದವರಿಗೂ ಇಲ್ಲದವರಿಗೂ ನಡುವಣ ಅಂತರವು ಮತ್ತಷ್ಟು ಹೆಚ್ಚುತ್ತದೆ.

ಈ ಅಪಾಯವು ಟೊರಾಂಟೊದ ಸಂಶೋಧಕರ ಬಾಗಿಲಿಗೇ ಬಂದಿತ್ತು. 1922ರ ಜನವರಿಯಲ್ಲಿ ಅವರೊಳಗೆ ತೀವ್ರ ಮನಸ್ತಾಪವುಂಟಾಯಿತು. ಶುದ್ಧೀಕರಣದ ಗುಟ್ಟನ್ನು ಕಾಲಿಪ್‌ನು ತಾನೊಬ್ಬನೇ ಇಟ್ಟುಕೊಂಡು ಪೇಟೆಂಟ್ ಪಡೆಯುವನೆಂಬ ಶಂಕೆಯಿಂದ ಬ್ಯಾಂಟಿಂಗನು ಸಿಡಿದೆದ್ದನೆಂದೂ, ಇಬ್ಬರೂ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋದರೆಂದೂ ಅವರ ಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ. ಬ್ಯಾಂಟಿಂಗನು ಮುಂಗೋಪಿ, ಶಂಕಾಶೀಲ, ದೋಷವಿಲ್ಲದ ದೇವಪುರುಷನಾಗಿರಲಿಲ್ಲ. ಆದರೆ ಆ ಜಗಳದಿಂದ ಒಂದು ಒಳಿತಾಯಿತು. ಜನವರಿ 25ರಂದು ಅವರೆಲ್ಲರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಯಾರೊಬ್ಬನೂ ಪ್ರತ್ಯೇಕವಾಗಿ ಪೇಟೆಂಟ್ ಪಡೆಯಕೂಡದು, ಯಾರೊಬ್ಬನೂ ವ್ಯಾಪಾರಿ ಸಂಸ್ಥೆಯೊಡನೆ ತಾನಾಗಿ ಸೇರಕೂಡದು ಎಂಬುದೇ ಅದರ ತಿರುಳು.

ಹಾಗಾದರೆ ಪೇಟೆಂಟಿನ ಗೊಡವೆಯೇ ಬೇಡವೆಂದು ಸುಮ್ಮನಿರಬಹುದಾಗಿತ್ತಲ್ಲವೆ ಎಂದು ತೋರಬಹುದು. ಆದರೆ ಬೇಲಿಯಿಲ್ಲದ ಹೊಲಕ್ಕೆ ಮೊದಲು ನುಗ್ಗಿದವನೇ ಬೇಲಿ ಹಾಕಿಕೊಂಡಾನು. ತಾವು ಪೇಟೆಂಟ್ ಪಡೆಯದಿದ್ದರೆ ಬೇರೊಬ್ಬನು ಅದನ್ನು ಪಡೆದು ಇಡೀ ಲೋಕವನ್ನು ಹೊರಗೆ ನಿಲ್ಲಿಸಬಹುದೆಂದು ಸಂಶೋಧಕರು ಕಂಡುಕೊಂಡರು. ಅದಕ್ಕಾಗಿ ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ಹಕ್ಕನ್ನು ಪಡೆದು, ಯಾರೂ ಏಕಸ್ವಾಮ್ಯವನ್ನು ಸ್ಥಾಪಿಸದಂತೆ ಕಾವಲಿರಬೇಕೆಂದು ನಿಶ್ಚಯಿಸಿದರು. ವೈದ್ಯನಾದವನು ಔಷಧದ ಮೇಲೆ ಹಕ್ಕು ಸ್ಥಾಪಿಸುವುದು ತನ್ನ ಪ್ರತಿಜ್ಞೆಗೆ ಸಲ್ಲದೆಂದು ಬ್ಯಾಂಟಿಂಗನು ಮೊದಲು ತನ್ನ ಹೆಸರನ್ನು ಕೊಡಲಿಲ್ಲ. ನಿಜವಾದ ಶೋಧಕನ ಹೆಸರಿಲ್ಲದಿದ್ದರೆ ಹಕ್ಕು ಕಾನೂನಿನ ಮುಂದೆ ನಿಲ್ಲಲಾರದೆಂದು ತಿಳಿದಾಗ ಮಾತ್ರ ಒಪ್ಪಿದನು. 1923ರಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ಅಮೆರಿಕದ ಪೇಟೆಂಟಿನ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ವಹಿಸಿಕೊಟ್ಟರು. ಅದಕ್ಕೆ ಅವರು ಪಡೆದ ಬೆಲೆ ತಲಾ ಒಂದು ಡಾಲರು.

ವಿಶ್ವವಿದ್ಯಾನಿಲಯವು ಈ ಹಕ್ಕನ್ನು ಧರ್ಮದರ್ಶಿಯಂತೆ ನಿರ್ವಹಿಸಿತು. ಹೆಚ್ಚಿನ ಪ್ರಮಾಣದಲ್ಲಿ ಔಷಧ ತಯಾರಿಸುವ ಶಕ್ತಿ ಅದಕ್ಕಿರಲಿಲ್ಲವಾದ್ದರಿಂದ, ಅಮೆರಿಕದ ಇಲೈ ಲಿಲ್ಲಿ ಎಂಬ ಸಂಸ್ಥೆಗೆ 1922ರ ಮೇ ತಿಂಗಳಿನಿಂದ ಒಂದು ವರ್ಷದ ಕಾಲ ವಿಶೇಷ ಅನುಮತಿಯನ್ನು ಕೊಟ್ಟಿತು. ಆ ಸಂಸ್ಥೆಯು ಶುದ್ಧೀಕರಣದ ಉತ್ತಮ ವಿಧಾನವನ್ನು ಕಂಡುಹಿಡಿದು ಅದಕ್ಕೆ ಪ್ರತ್ಯೇಕ ಪೇಟೆಂಟ್ ಕೋರಿದಾಗ, ಅದರಿಂದ ಏಕಸ್ವಾಮ್ಯವುಂಟಾಗದಂತೆ ವಿಶ್ವವಿದ್ಯಾನಿಲಯವು ಎಚ್ಚರ ವಹಿಸಿತು. ಅವಧಿ ಮುಗಿದ ಮೇಲೆ ಇತರ ತಯಾರಕರಿಗೂ ಪರವಾನಗಿಯನ್ನು ನೀಡಿತು. ಪರವಾನಗಿ ಪಡೆದವರು ತಮ್ಮ ಔಷಧದ ಮಾದರಿಯನ್ನು ಟೊರಾಂಟೊಗೆ ಕಳುಹಿಸಿ ಪರೀಕ್ಷೆ ಮಾಡಿಸಬೇಕಾಗಿತ್ತು. ಇದರಿಂದ ಕಲಬೆರಕೆಗೂ ಕಡಿವಾಣ ಬಿದ್ದಿತು. ಬಂದ ರಾಜಧನವು ಸಂಶೋಧನೆಗೆ ವಿನಿಯೋಗವಾಯಿತು. ಬ್ರಿಟನ್ನಿನ ಹಕ್ಕನ್ನು ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಲಿಗೆ ಕೊಡಲಾಯಿತು. ಡೆನ್ಮಾರ್ಕಿನ ನೊಬೆಲ್ ವಿಜ್ಞಾನಿ ಆಗಸ್ಟ್ ಕ್ರೋಗ್‌ನು 1922ರ ಕೊನೆಯಲ್ಲಿ ಟೊರಾಂಟೊಗೆ ಬಂದು, ತನ್ನ ನಾಡಿನಲ್ಲಿ ಇನ್ಸುಲಿನ್ ತಯಾರಿಸಲು ಅನುಮತಿ ಪಡೆದು ಹಿಂದಿರುಗಿದನು. ಆತನ ಮಡದಿಯೂ ಮಧುಮೇಹಿಯಾಗಿದ್ದಳು. ಕೆಲವೇ ವರ್ಷಗಳಲ್ಲಿ ಉತ್ಪಾದನೆ ಹೆಚ್ಚಿ ಬೆಲೆ ಇಳಿಯಿತು.

1923ರಲ್ಲಿ ಬ್ಯಾಂಟಿಂಗ್ ಮತ್ತು ಮಕ್ಲೌಡ್ ಇಬ್ಬರಿಗೂ ನೊಬೆಲ್ ಪಾರಿತೋಷಕವು ಘೋಷಿತವಾಯಿತು. ಬ್ಯಾಂಟಿಂಗನಿಗೆ ಆಗ ಇನ್ನೂ 32 ವರ್ಷ ತುಂಬಿರಲಿಲ್ಲ. ವೈದ್ಯಶಾಸ್ತ್ರದಲ್ಲಿ ಆತನಿಗಿಂತ ಕಿರಿಯ ವಯಸ್ಸಿನಲ್ಲಿ ಈ ಗೌರವವನ್ನು ಪಡೆದವರು ಇಂದಿಗೂ ಇಲ್ಲ. ಬೆಸ್ಟ್‌ನ ಹೆಸರನ್ನು ಬಿಟ್ಟುದಕ್ಕಾಗಿ ಕುಪಿತನಾದ ಬ್ಯಾಂಟಿಂಗನು ತನ್ನ ಪಾಲಿನ ಹಣದಲ್ಲಿ ಅರ್ಧವನ್ನು ಆತನಿಗೆ ಕೊಟ್ಟನು. ಮಕ್ಲೌಡ್‌ನು ಕಾಲಿಪ್‌ನೊಡನೆ ಹಂಚಿಕೊಂಡನು. ಕೆನಡಾ ಸರ್ಕಾರವು ಬ್ಯಾಂಟಿಂಗನಿಗೆ ವರ್ಷಕ್ಕೆ 7,500 ಡಾಲರುಗಳ ಜೀವಾವಧಿ ವೇತನವನ್ನು ಗೊತ್ತುಮಾಡಿತು. ಕೋಟ್ಯಧೀಶನಾಗುವ ಅವಕಾಶವನ್ನು ಬಿಟ್ಟವನಿಗೆ ನೆಮ್ಮದಿಯ ಬಾಳನ್ನು ಕಲ್ಪಿಸುವುದು ತನ್ನ ಕರ್ತವ್ಯವೆಂದು ಸಮಾಜವು ತಿಳಿಯಿತು. ಶೋಧಕನ ಶ್ರಮಕ್ಕೆ ಮನ್ನಣೆ ಸಲ್ಲಿಸಲು ಏಕಸ್ವಾಮ್ಯವೊಂದೇ ದಾರಿಯಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

1934ರಲ್ಲಿ ಆತನಿಗೆ ಸರ್ ಪದವಿಯು ಬಂದಿತು. ಬಿಡುವಿನ ವೇಳೆಯಲ್ಲಿ ಆತನು ಬಣ್ಣದ ಪೆಟ್ಟಿಗೆಯನ್ನು ಹಿಡಿದು ಹಿಮದ ನಾಡಿನ ಹಳ್ಳಿಗಳಲ್ಲಿ ಅಲೆಯುತ್ತ ಚಿತ್ರಗಳನ್ನು ಬರೆಯುತ್ತಿದ್ದನು. ಎರಡನೆಯ ಮಹಾಯುದ್ಧವು ಆರಂಭವಾದಾಗ ವಿಮಾನ ಚಾಲಕರ ಆರೋಗ್ಯವನ್ನು ಕುರಿತ ಸಂಶೋಧನೆಯ ಹೊಣೆಯನ್ನು ವಹಿಸಿಕೊಂಡನು. 1941ರ ಫೆಬ್ರವರಿಯಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ವಿಮಾನವು ನ್ಯೂಫೌಂಡ್‌ಲೆಂಡಿನ ಮಂಜಿನ ಕಾಡಿನಲ್ಲಿ ಅಪಘಾತಕ್ಕೀಡಾಗಿ, ಫೆಬ್ರವರಿ 21ರಂದು ಬ್ಯಾಂಟಿಂಗನು ಕೊನೆಯುಸಿರೆಳೆದನು. ಆಗ ಆತನ ವಯಸ್ಸು 49.

ಬ್ಯಾಂಟಿಂಗನ ಕಥೆ ಮುಗಿದರೂ ಇನ್ಸುಲಿನ್ನಿನ ಕಥೆ ಮುಗಿಯಲಿಲ್ಲ. ಅಂದಿನ ಅಮೆರಿಕದ ಪೇಟೆಂಟಿಗೆ 17 ವರ್ಷಗಳ ಆಯುಸ್ಸು. ಅದು ತೀರಿದ ಮೇಲೆ ಟೊರಾಂಟೊದ ಕಾವಲೂ ತೀರಿತು. ಔಷಧದಲ್ಲಿ ಒಂದೊಂದು ಸುಧಾರಣೆಯಾದಾಗಲೂ ಹೊಸದೊಂದು ಹಕ್ಕು ಹುಟ್ಟಿಕೊಂಡಿತು. ತಳಿತಂತ್ರದಿಂದ ತಯಾರಾದ ಮಾನವ ಇನ್ಸುಲಿನ್ 1982ರಲ್ಲಿ ಬಳಕೆಗೆ ಬಂದಿತು. ಬೇಗನೆ ಪರಿಣಾಮ ಬೀರುವ ಮಾರ್ಪಟ್ಟ ಇನ್ಸುಲಿನ್ 1996ರಲ್ಲಿ ಬಂದಿತು. ಈ ಸುಧಾರಣೆಗಳು ರೋಗಿಗಳಿಗೆ ಹಿತವನ್ನುಂಟುಮಾಡಿದುವೆಂಬುದು ನಿಜ. ಆದರೆ 1996ರಲ್ಲಿ ಅಮೆರಿಕದಲ್ಲಿ ಸುಮಾರು 21 ಡಾಲರಿದ್ದ ಒಂದು ಸೀಸೆಯ ನಮೂದಿತ ಬೆಲೆಯು 2019ರ ಹೊತ್ತಿಗೆ ಸುಮಾರು 275 ಡಾಲರಿಗೆ ಏರಿತು. ತಯಾರಕರು ಬೆರಳೆಣಿಕೆಯಷ್ಟಿದ್ದುದು, ಮಧ್ಯವರ್ತಿಗಳ ಲಾಭ, ಹೊಸಬರಿಗೆ ಅನುಮತಿಯ ತೊಡಕು ಇವುಗಳೂ ಪೇಟೆಂಟಿನೊಡನೆ ಸೇರಿ ಇದಕ್ಕೆ ಕಾರಣವಾದುವು. ಜಗತ್ತಿನ ಅತ್ಯಂತ ಸಿರಿವಂತ ದೇಶದಲ್ಲಿಯೇ ಬಡ ರೋಗಿಗಳು ಔಷಧವನ್ನು ಅರ್ಧರ್ಧವಾಗಿ ಬಳಸಿ ಪ್ರಾಣಾಪಾಯಕ್ಕೆ ಗುರಿಯಾದರು. ಜನರ ಕೂಗು ಹೆಚ್ಚಿ, ಸರ್ಕಾರವು ವೃದ್ಧರಿಗೆ ತಿಂಗಳಿಗೆ 35 ಡಾಲರಿನ ಮಿತಿಯನ್ನು 2023ರಲ್ಲಿ ಜಾರಿಗೆ ತಂದಿತು. ತಯಾರಕರೂ ಅನಂತರ ಬೆಲೆಗಳನ್ನು ತಗ್ಗಿಸಬೇಕಾಯಿತು.

ಭಾರತವು ಈ ಪ್ರಶ್ನೆಯನ್ನು ಬೇರೊಂದು ಬಗೆಯಲ್ಲಿ ಎದುರಿಸಿತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ಯರು 1959ರಲ್ಲಿ ಸಲ್ಲಿಸಿದ ವರದಿಯ ಆಧಾರದ ಮೇಲೆ 1970ರಲ್ಲಿ ಹೊಸ ಪೇಟೆಂಟ್ ಕಾಯಿದೆಯು ರಚಿತವಾಗಿ 1972ರಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ ಔಷಧವನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು, ಔಷಧಕ್ಕೇ ಹಕ್ಕಿಲ್ಲ. ಬೇರೆ ವಿಧಾನದಿಂದ ಅದೇ ಔಷಧವನ್ನು ತಯಾರಿಸಲು ನಮ್ಮ ಕಾರ್ಖಾನೆಗಳಿಗೆ ದಾರಿಯಾಯಿತು; ಔಷಧಗಳು ಬಡವರ ಕೈಗೆ ಎಟುಕುವಂತಾದುವು. ಅಂತರರಾಷ್ಟ್ರೀಯ ಒಪ್ಪಂದದ ಕಾರಣದಿಂದ 2005ರಲ್ಲಿ ಔಷಧಗಳಿಗೂ ಪೇಟೆಂಟ್ ಕೊಡಬೇಕಾಯಿತಾದರೂ, ಹಳೆಯ ಔಷಧಕ್ಕೆ ಅಲ್ಪ ಮಾರ್ಪಾಡು ಮಾಡಿ ಹೊಸ ಹಕ್ಕು ಕೇಳುವವರನ್ನು ತಡೆಯುವ ವಿಧಿಯನ್ನು ಕಾಯಿದೆಯಲ್ಲಿ ಉಳಿಸಿಕೊಳ್ಳಲಾಯಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಯೀಸ್ಟ್ ಎಂಬ ಸೂಕ್ಷ್ಮಜೀವಿಯ ನೆರವಿನಿಂದ ಮಾನವ ಇನ್ಸುಲಿನ್ನನ್ನು ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದುದು ಈ ಪರಂಪರೆಯ ಒಂದು ಫಲವೆನ್ನಬಹುದು.

ಬೆಳೆಯನ್ನು ಕಾಯಲೆಂದು ಬೇಲಿ ಹಾಕುತ್ತೇವೆ. ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರಾರು ಎಂದು ನಮ್ಮ ಹಿರಿಯರು ಕೇಳಿದ್ದಾರೆ. ಪೇಟೆಂಟ್ ಕಾನೂನೂ ಅಂಥ ಒಂದು ಬೇಲಿ. ಟೊರಾಂಟೊದ ಸಂಶೋಧಕರು ಅದನ್ನು ಊರಿನ ಗೋಮಾಳದ ಸುತ್ತ ಹಾಕಿದರು. ಅಲ್ಲಿ ಎಲ್ಲರ ದನಗಳಿಗೂ ಮೇವಿತ್ತು. ಆದರೆ ಒಬ್ಬಿಬ್ಬರ ಔದಾರ್ಯವು ಅವರ ಕಾಲದೊಡನೆ ಮುಗಿದುಹೋಗಬಹುದು. ಆ ಔದಾರ್ಯವನ್ನು ನಾಡಿನ ಕಾನೂನಿನಲ್ಲಿ ನೆಲೆಗೊಳಿಸುವುದು ಮುಂದಿನವರ ಹೊಣೆ. ಬ್ಯಾಂಟಿಂಗನ ಜನ್ಮದಿನವಾದ ನವೆಂಬರ್ 14ನ್ನು 1991ರಿಂದ ವಿಶ್ವ ಮಧುಮೇಹ ದಿನವೆಂದು ಆಚರಿಸಲಾಗುತ್ತಿದೆ. ಅಂದು ಆತನನ್ನು ನೆನೆಯುವವರು ಆತನ ಶೋಧದ ಜೊತೆಗೆ ಆ ಒಂದು ಡಾಲರನ್ನೂ ನೆನೆಯಬೇಕು.